ಜಾಹೀರಾತಿನ ಸಾಲಿಗೆ ಪದಲೆಕ್ಕದ ದರ: ಸ್ವತಂತ್ರ ಕಾಪಿರೈಟರ್‌ಗಳು ಏನು ಮಾಡುತ್ತಿದ್ದೀರಿ?

ಗಾಂಧಿಬಜಾರಿನವಳು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಜಾಹೀರಾತು ಏಜೆನ್ಸಿಯಲ್ಲಿ ಕನ್ನಡ ಕಾಪಿರೈಟರ್ (ಜಾಹೀರಾತಿನ ಬರಹ, ಅಂದರೆ ಕಾಪಿ ಬರೆಯುವವಳು) ಆಗಿದ್ದ ನಾನು ಈಗ ಸ್ವತಂತ್ರವಾಗಿ ಕೆಲಸ ಮಾಡುತ್ತಿದ್ದೇನೆ. ಏಜೆನ್ಸಿಯಲ್ಲಿ ದರದ ಮಾತು ಬರೆಯುವವರ ಮೇಜಿನವರೆಗೆ ಬರುತ್ತಿರಲಿಲ್ಲ. ಈಗ ಏನು ಬರೆಯಬೇಕೆಂದು ಕ್ಲೈಂಟ್ ತಿಳಿಸುವ ಬ್ರೀಫ್‌ಗಿಂತ ಮೊದಲು ಅದೇ ಬರುತ್ತದೆ. ಬಟ್ಟೆ ಮಳಿಗೆಗಳ ಒಂದು ಸರಣಿಯವರು ಆಷಾಢದ ರಿಯಾಯಿತಿ ಮಾರಾಟದಿಂದ ಹಿಡಿದು ದೀಪಾವಳಿಯವರೆಗಿನ ಪ್ರಚಾರಕ್ಕೆ ಹೋರ್ಡಿಂಗ್ ಸಾಲುಗಳು, ಪತ್ರಿಕಾ ಜಾಹೀರಾತು, ರೇಡಿಯೊ ಸ್ಪಾಟ್, ಎಸ್‌ಎಂಎಸ್ ಮತ್ತು ಇನ್‌ಸ್ಟಾಗ್ರಾಂ ಪೋಸ್ಟ್‌ಗಳನ್ನು ಕೇಳಿದ್ದಾರೆ. ಅವರ ಖರೀದಿ ವಿಭಾಗ ಕಳುಹಿಸಿದ ನಮೂನೆಯಲ್ಲಿ ದರಕ್ಕೆಂದು ಇರುವುದು ಒಂದೇ ಅಂಕಣ: ಪದಕ್ಕೆ ಎಷ್ಟು ರೂಪಾಯಿ. ಭಾಷಾಂತರಕ್ಕೆ ಅವರು ಎರಡು ರೂಪಾಯಿ ಕೊಡುತ್ತಾರಂತೆ. ನನ್ನದು ‘ಕ್ರಿಯೇಟಿವ್’ ಆದ್ದರಿಂದ ಐದರವರೆಗೆ ಬರಬಹುದಂತೆ. ಈ ಲೆಕ್ಕದಲ್ಲಿ ಊರಿನ ದೊಡ್ಡ ವೃತ್ತಗಳಲ್ಲೆಲ್ಲ ನಿಲ್ಲುವ ನಾಲ್ಕು ಪದಗಳ ಹೋರ್ಡಿಂಗ್ ಸಾಲಿಗೆ ಇಪ್ಪತ್ತು ರೂಪಾಯಿ, ಅಂದರೆ ಹೆಚ್ಚುಕಡಿಮೆ ದರ್ಶಿನಿಯ ಒಂದು ಕಾಫಿ.

ಜೊತೆಗೆ ಕರಾರಿನಲ್ಲಿ ಎರಡು ಷರತ್ತುಗಳಿವೆ. ಬರೆದದ್ದೆಲ್ಲದರ ಹಕ್ಕು ಶಾಶ್ವತವಾಗಿ ಅವರಿಗೆ ಸೇರಬೇಕು. ಜಾಹೀರಾತಿನ ಬಗ್ಗೆ ಯಾವುದೇ ದೂರು ಬಂದರೆ ನಷ್ಟವನ್ನು ನಾನು ಭರಿಸಬೇಕು. ಹಣ ಪಾವತಿಗೆ 90 ದಿನ. ಇಂಥ ಕರಾರುಗಳನ್ನು ನೀವೆಲ್ಲ ಹೇಗೆ ನಿಭಾಯಿಸುತ್ತೀರಿ ಎಂದು ತಿಳಿಸಬೇಕಾಗಿ ವಿನಂತಿ.

ಹಳೇ_ಕಾಪಿ

ಮೇಡಂ, ಪದಲೆಕ್ಕ ಭಾಷಾಂತರದ ಲೋಕದ್ದು, ಮತ್ತು ಅಲ್ಲಿ ಅದಕ್ಕೆ ಅರ್ಥವಿದೆ: ಮೂಲ ಉದ್ದವಾದಷ್ಟೂ ಕೆಲಸ ಹೆಚ್ಚುತ್ತದೆ. ಜಾಹೀರಾತಿನಲ್ಲಿ ಇದು ತಿರುಗುಮುರುಗಾಗುತ್ತದೆ. ಹತ್ತು ಪದಗಳಲ್ಲಿ ಹೇಳಿದ್ದನ್ನು ನಾಲ್ಕಕ್ಕೆ ಇಳಿಸುವುದೇ ಕೆಲಸವಾಗಿರುವಾಗ, ಇಳಿಸಿದವರ ಸಂಭಾವನೆಯೂ ಇಳಿಯುವ ದರಪಟ್ಟಿಯನ್ನು ಒಪ್ಪಿಕೊಳ್ಳುವುದೆಂದರೆ ಕೆಟ್ಟದಾಗಿ ಬರೆಯಲು ಪ್ರೋತ್ಸಾಹಧನ ಪಡೆದಂತೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕಿದೆ. ನಮಗೆ ಬರುವ ಕೆಲಸದಲ್ಲಿ ದೊಡ್ಡ ಪಾಲು ಮುಂಬೈಯಲ್ಲಿಯೋ ದೆಹಲಿಯಲ್ಲಿಯೋ ಹಿಂದಿಗೆಂದು ಮುಗಿಸಿದ್ದನ್ನು ಕನ್ನಡಕ್ಕೆ ಹೊಂದಿಸುವ ಅಡಾಪ್ಟೇಶನ್. ಹೊರಗಿನಿಂದ ನೋಡುವವರಿಗೆ ಅದು ಭಾಷಾಂತರವೇ. ಆದರೆ ಮೂವತ್ತು ಸೆಕೆಂಡಿನ ಟಿವಿ ಜಾಹೀರಾತು ಚಿತ್ರೀಕರಣ, ಎಡಿಟಿಂಗ್ ಎರಡೂ ಮುಗಿದ ಮೇಲೆ ನಮ್ಮ ಕೈಗೆ ಬರುತ್ತದೆ ಎಂಬುದನ್ನು ನೆನಪಿಡಿ. ಪಾತ್ರಧಾರಿಯ ಮುಖ ಹತ್ತಿರದಿಂದ ಕಾಣುವ ಶಾಟ್‌ನಲ್ಲಿ ಆಕೆಯ ತುಟಿಗಳು ಕೂಡಿಕೊಳ್ಳುವ ಕ್ಷಣಕ್ಕೆ ಕನ್ನಡದಲ್ಲಿಯೂ ಪ, ಬ, ಮ ಬೀಳಬೇಕು. ಇಲ್ಲದಿದ್ದರೆ ಡಬ್ಬಿಂಗ್ ಎಂದು ಮಕ್ಕಳಿಗೂ ತಿಳಿಯುತ್ತದೆ. ಡಬ್ಬಿ ಪರದೆಯ ಮೇಲೆ ಬರುವ ಹೊತ್ತಿಗೆ ಸರಿಯಾಗಿ ಉತ್ಪನ್ನದ ಹೆಸರು ಬರಬೇಕು. ಇಷ್ಟರ ಮೇಲೆ, ಬ್ರ್ಯಾಂಡ್‌ನ ಹೆಸರಿಗೆ ಏನನ್ನೂ ಅಂಟಿಸಕೂಡದು ಎಂಬ ನಿಯಮ ಹಲವು ಕಂಪನಿಗಳಲ್ಲಿದೆ. ಹಿಂದಿಯವರಿಗೆ ಅದರಿಂದ ತೊಂದರೆಯಿಲ್ಲ, ಅವರ ವಿಭಕ್ತಿ ಬೇರೆ ಪದವಾಗಿ ಪಕ್ಕದಲ್ಲಿ ನಿಲ್ಲುತ್ತದೆ. ನಮ್ಮಲ್ಲಿ ‘ಇಂದ’, ‘ಅಲ್ಲಿ’, ‘ಅನ್ನು’ ಎಲ್ಲವೂ ಹೆಸರಿನ ಬಾಲಕ್ಕೆ ಅಂಟಿಕೊಳ್ಳುತ್ತವೆ. ಹಾಗಾಗಿ ಬ್ರ್ಯಾಂಡ್‌ನ ಹೆಸರು ಸದಾ ಪ್ರಥಮಾ ವಿಭಕ್ತಿಯಲ್ಲೇ ಉಳಿಯುವಂತೆ ಇಡೀ ವಾಕ್ಯವನ್ನು ಕಳಚಿ ಮತ್ತೆ ಕಟ್ಟಬೇಕಾಗುತ್ತದೆ. ಇದನ್ನೆಲ್ಲ ಮುಗಿಸಿ ಕೊಟ್ಟ ಸ್ಕ್ರಿಪ್ಟ್‌ನಲ್ಲಿ ಇರುವ ಪದಗಳನ್ನು ಎಣಿಸಿದರೆ ಮೂವತ್ತೈದು ನಲವತ್ತು ಸಿಗಬಹುದು.

ನಾನು ತುಣುಕಿಗೆ ಇಷ್ಟೆಂದು ದರ ಹೇಳುತ್ತೇನೆ: ಹೋರ್ಡಿಂಗ್‌ಗೆ ಒಂದು, ಅರ್ಧ ಪುಟದ ಪತ್ರಿಕಾ ಜಾಹೀರಾತಿಗೆ ಒಂದು, ಟಿವಿ ಅಡಾಪ್ಟೇಶನ್‌ಗೆ ಒಂದು, ಡಬ್ಬಿಂಗ್ ಸ್ಟುಡಿಯೊದಲ್ಲಿ ಕುಳಿತುಕೊಳ್ಳುವುದಕ್ಕೆ ಪ್ರತ್ಯೇಕವಾಗಿ ಒಂದು. ಕೊನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಸ್ಟುಡಿಯೊದಲ್ಲಿ ಕಂಠದಾನ ಕಲಾವಿದರು ಒಂದು ಸಾಲಿನಲ್ಲಿ ತಡವರಿಸಿದಾಗ ಅದನ್ನು ಅಲ್ಲೇ ಬದಲಿಸಿಕೊಡುವವರು ಇಲ್ಲದಿದ್ದರೆ ಸೌಂಡ್ ಎಂಜಿನಿಯರ್‌ಗೆ ತೋಚಿದ ಪದ ನಾಡಿನಾದ್ಯಂತ ಪ್ರಸಾರವಾಗುತ್ತದೆ.

ಬಾನುಲಿ_ಬರಹ

ರೇಡಿಯೊದ ಬಗ್ಗೆ ಮಾತ್ರ ನಾನು ಸೇರಿಸುತ್ತೇನೆ. ಸಾವಧಾನವಾಗಿ ಓದುವ ಮೂವತ್ತು ಸೆಕೆಂಡಿನ ಸ್ಪಾಟ್‌ನಲ್ಲಿ ಐವತ್ತರಿಂದ ಅರವತ್ತು ಕನ್ನಡ ಪದಗಳು ಹಿಡಿಸುತ್ತವೆ, ಹಿಂದೆ ಸಂಗೀತ ಉಸಿರಾಡಬೇಕೆಂದರೆ ಇನ್ನೂ ಕಡಿಮೆ. ಕ್ಲೈಂಟ್‌ಗೆ ಹತ್ತು ಅಂಕಿಗಳ ಮೊಬೈಲ್ ಸಂಖ್ಯೆ ಬೇಕೇ ಬೇಕು. ಅದನ್ನು ಒಮ್ಮೆ ಸ್ಪಷ್ಟವಾಗಿ ಹೇಳಲು ನಾಲ್ಕೈದು ಸೆಕೆಂಡು ಹೋಗುತ್ತದೆ, ಎರಡು ಬಾರಿ ಹೇಳಿಸಿದರೆ ಸ್ಪಾಟ್‌ನ ಮೂರನೇ ಒಂದು ಭಾಗ ಹೋಯಿತು. ಆಮೇಲೆ ಐದು ಶಾಖೆಗಳ ವಿಳಾಸ. ಒಂದು ಹಬ್ಬದ ಸ್ಪಾಟ್‌ಗೆ ಒಬ್ಬ ಮಾಲೀಕರು ಕಳುಹಿಸಿದ ಕಡ್ಡಾಯ ಮಾಹಿತಿಯನ್ನು ಗಡಿಯಾರ ಹಿಡಿದು ಓದಿ ನೋಡಿದಾಗ ಅದೊಂದೇ ಮೂವತ್ತು ಸೆಕೆಂಡನ್ನು ಮೀರಿತ್ತು. ಆ ಧ್ವನಿಮುದ್ರಿಕೆಯನ್ನೇ ಅವರಿಗೆ ಕಳುಹಿಸಿ, ಇದರಲ್ಲಿ ಸೀರೆಯ ಮಾತು ಎಲ್ಲಿ ಹೇಳೋಣ ಎಂದು ಕೇಳಿದೆ. ಮರುದಿನವೇ ವಿಳಾಸಗಳು ಹೋಗಿ ‘ನಿಮ್ಮ ಹತ್ತಿರದ ಶಾಖೆ’ ಬಂತು. ಬರೆದು ತಿಳಿಸಿದ್ದರೆ ಈ ಮಾತು ವಾರಗಟ್ಟಲೆ ಎಳೆಯುತ್ತಿತ್ತು. ಆದ್ದರಿಂದ ನನ್ನ ದರದಲ್ಲಿ ಫೋನಿನಲ್ಲೇ ಓದಿ ಕಳುಹಿಸುವ ಒಂದು ಕಚ್ಚಾ ಧ್ವನಿಮುದ್ರಿಕೆ ಯಾವಾಗಲೂ ಸೇರಿರುತ್ತದೆ.

ಮಳಿಗೆಯ_ಪರವಾಗಿ

ನಾನು ಮೇಜಿನ ಆಚೆ ಬದಿಯಲ್ಲಿ ಕುಳಿತವನು, ಒಂದು ಚಿಲ್ಲರೆ ಮಾರಾಟ ಕಂಪನಿಯ ಮಾರ್ಕೆಟಿಂಗ್ ವಿಭಾಗದಲ್ಲಿದ್ದೇನೆ. ಹಳೇ ಕಾಪಿಯವರ ಮಾತಿನಲ್ಲಿ ಸತ್ಯವಿದೆ, ಆದರೆ ಖರೀದಿ ವಿಭಾಗದವರನ್ನು ಖಳರನ್ನಾಗಿ ಮಾಡುವುದು ನ್ಯಾಯವಲ್ಲ. ಅವರು ಮೂರು ಕೊಟೇಶನ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಬೇಕು, ನಾಳೆ ಆಡಿಟ್‌ನಲ್ಲಿ ಉತ್ತರ ಹೇಳಬೇಕು. ಬರಹಗಾರರಲ್ಲಿ ಒಬ್ಬರು ‘ಪ್ರಚಾರಕ್ಕೆ ಒಟ್ಟು ಇಷ್ಟು’ ಎನ್ನುತ್ತಾರೆ, ಇನ್ನೊಬ್ಬರು ‘ನೋಡಿ ಹೇಳುತ್ತೇನೆ’ ಎನ್ನುತ್ತಾರೆ, ಮತ್ತೊಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಒಂದು ಅಂಕಿ ಕಳುಹಿಸಿ ಸುಮ್ಮನಾಗುತ್ತಾರೆ. ಅಳೆಯಲು ಬೇರೇನೂ ಕೈಗೆ ಸಿಗದಿದ್ದಾಗ ಅವರು ಪದವನ್ನು ಹಿಡಿಯುತ್ತಾರೆ. ಇಂಥ ತುಣುಕು, ಇಷ್ಟು ಆಯ್ಕೆಗಳು, ಇಷ್ಟು ಸುತ್ತು ತಿದ್ದುಪಡಿ, ಇಂಥ ದಿನಾಂಕಕ್ಕೆ ಎಂದು ಬರೆದ ಕೊಟೇಶನ್ ಬಂದಾಗ ಪದಲೆಕ್ಕದ ಅಂಕಣವನ್ನು ಬಿಟ್ಟುಕೊಟ್ಟದ್ದನ್ನು ನಾನೇ ನೋಡಿದ್ದೇನೆ.

ತಿದ್ದುಪಡಿಯ ಸುತ್ತು ಎಂದರೇನು ಎಂಬುದನ್ನೂ ದಯವಿಟ್ಟು ಬರೆಯಿರಿ. ನಮ್ಮಲ್ಲಿ ಬ್ರ್ಯಾಂಡ್ ಮ್ಯಾನೇಜರ್, ಶಾಖಾ ಮುಖ್ಯಸ್ಥರು, ಮಾಲೀಕರ ಮಗಳು ಬೇರೆ ಬೇರೆ ದಿನ ಬೇರೆ ಬೇರೆ ಅಭಿಪ್ರಾಯ ಹೇಳುತ್ತಾರೆ. ಎಲ್ಲರ ಮಾತನ್ನೂ ಒಂದೇ ಕಡತದಲ್ಲಿ ಒಟ್ಟುಮಾಡಿ ಕಳುಹಿಸಿದರೆ ಮಾತ್ರ ಅದು ಒಂದು ಸುತ್ತು ಎಂಬ ಸಾಲು ಕರಾರಿನಲ್ಲಿದ್ದರೆ, ಅವರನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಲು ನನಗೂ ಒಂದು ನೆಪ ಸಿಗುತ್ತದೆ.

ಇನ್ನೊಂದು ಮಾತು, ಕೇಳಲು ಕಹಿಯಾಗಬಹುದು. ಈಗ ನಮ್ಮ ಕಿರಿಯ ಸಿಬ್ಬಂದಿ ಎಐಯಿಂದ ಹತ್ತು ಸಾಲು ಬರೆಸಿ, ‘ಸ್ವಲ್ಪ ತಿದ್ದಿಕೊಡಿ’ ಎಂದು ಬರಹಗಾರರಿಗೆ ಕಳುಹಿಸುತ್ತಿದ್ದಾರೆ, ದರವೂ ತಿದ್ದುವ ದರವೇ ಆಗಿರಬೇಕೆಂದು ನಿರೀಕ್ಷಿಸುತ್ತಾರೆ. ಇದನ್ನು ನೀವು ಹೇಗೆ ನೋಡುತ್ತೀರಿ?

ಹಳೇ_ಕಾಪಿ

ಆ ಹತ್ತು ಸಾಲುಗಳನ್ನು ನಾನು ಬ್ರೀಫ್‌ನ ಭಾಗವಾಗಿ ಓದುತ್ತೇನೆ, ಕರಡಾಗಿ ಅಲ್ಲ. ಕಳುಹಿಸಿದವರಿಗೆ ಏನು ಬೇಕು ಎಂಬುದು ಅದರಿಂದ ತಿಳಿಯುತ್ತದೆ, ಅಷ್ಟರಮಟ್ಟಿಗೆ ಉಪಯುಕ್ತ. ವ್ಯಾಕರಣ ಸರಿಯಿದ್ದರೂ ಯಾರೂ ಬಾಯಿಬಿಟ್ಟು ಹೇಳದ ಕನ್ನಡ ಅದರಲ್ಲಿ ಸಾಕಷ್ಟಿರುತ್ತದೆ, ಮತ್ತು ಅಂಥದ್ದನ್ನು ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದು ಬೇಗ ಮುಗಿಯುತ್ತದೆ. ದರ ಹೊಸದಾಗಿ ಬರೆಯುವುದರದ್ದೇ.

ಗಾಂಧಿಬಜಾರಿನವಳು

ಮೂವರಿಗೂ ಧನ್ಯವಾದಗಳು. ಎಸ್‌ಎಂಎಸ್‌ನ ಕಥೆಯನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಪದಲೆಕ್ಕ ಅತ್ಯಂತ ಹಾಸ್ಯಾಸ್ಪದವಾಗುವುದು ಅಲ್ಲಿ. ಇಂಗ್ಲಿಷ್ ಸಂದೇಶಕ್ಕೆ 160 ಅಕ್ಷರಗಳ ಜಾಗವಿದ್ದರೆ ಯೂನಿಕೋಡ್‌ನಲ್ಲಿ ಹೋಗುವ ಕನ್ನಡ ಸಂದೇಶಕ್ಕೆ 70 ಮಾತ್ರ. ಅದನ್ನು ಮೀರಿದರೆ ಸಂದೇಶ ತುಂಡಾಗಿ, ಪ್ರತಿ ತುಂಡಿಗೆ 67ರ ಲೆಕ್ಕ ಬೀಳುತ್ತದೆ, ಕ್ಲೈಂಟ್‌ಗೆ ಎರಡು ಸಂದೇಶಗಳ ಶುಲ್ಕ ತಗಲುತ್ತದೆ. ಆ 70ರಲ್ಲಿಯೂ ಕಾಗುಣಿತದ ಚಿಹ್ನೆ, ಅರ್ಧಾಕ್ಷರದ ಚಿಹ್ನೆ, ಒತ್ತಾಗಿ ಬರುವ ವ್ಯಂಜನ ಎಲ್ಲವೂ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ಆಗಸ್ಟ್ 15ರ ಮಾರಾಟದ ಸಂದೇಶದಲ್ಲಿ ‘ಸ್ವಾತಂತ್ರ್ಯೋತ್ಸವ’ ಎಂದು ಬರೆದರೆ ಓದುವವರ ಕಣ್ಣಿಗೆ ಐದು ಅಕ್ಷರ, ಯಂತ್ರಕ್ಕೆ ಹದಿನಾರು. ಹಾಗಾಗಿ ಎಸ್‌ಎಂಎಸ್ ಬರೆಯುವಾಗ ಒತ್ತಕ್ಷರ ಕಡಿಮೆಯಿರುವ ಅಚ್ಚಗನ್ನಡ ಪದಗಳತ್ತ ಕೈ ತಾನಾಗಿ ಹೋಗುತ್ತದೆ. ‘ಹಬ್ಬ’ಕ್ಕೆ ನಾಲ್ಕೇ ಸಾಕು. ಮಳಿಗೆಯ ಹೆಸರು, ಕೊಂಡಿ, ದಿನಾಂಕ ತೆಗೆದ ಮೇಲೆ ನನಗೆ ಉಳಿಯುವುದು ಮೂವತ್ತರ ಆಸುಪಾಸು.

ಇದಲ್ಲದೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಾವಳಿಯ ಪ್ರಕಾರ ವಾಣಿಜ್ಯ ಸಂದೇಶಗಳ ಟೆಂಪ್ಲೇಟ್ (ಒಕ್ಕಣೆಯ ಮಾದರಿ) ಅನ್ನು ದೂರಸಂಪರ್ಕ ಕಂಪನಿಗಳ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಬೇಕು. ಅನುಮೋದನೆ ಸಿಕ್ಕ ಮೇಲೆ ಮಾಲೀಕರಿಗೆ ಒಂದು ಪದ ಹಿಡಿಸದಿದ್ದರೆ ಹೊಸ ಟೆಂಪ್ಲೇಟ್, ಹೊಸ ಅನುಮೋದನೆ. ‘ಒಂದೇ ಪದ ತಾನೇ’ ಎನ್ನುವವರಿಗೆ ಇದನ್ನು ಹೇಗೆ ವಿವರಿಸುವುದೋ ತಿಳಿಯದು.

ಅಕ್ಷರಜೋಡಣೆ

ನಾನು ಬರಹಗಾರನಲ್ಲ, ಪುಟ ವಿನ್ಯಾಸ ಮಾಡುವವನು. ಕಾಪಿ ಅನುಮೋದನೆಯಾದ ಮೇಲೆ ನಿಮ್ಮ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಕನ್ನಡ ಓದಲು ಬಾರದ ಡಿಸೈನರ್ ಯೂನಿಕೋಡ್ ಪಠ್ಯವನ್ನು ಪುಟ ವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ಗೆ ಅಂಟಿಸಿ, ಭಾರತೀಯ ಲಿಪಿಗಳಿಗೆ ಬೇಕಾದ ವರ್ಲ್ಡ್ ರೆಡಿ ಕಂಪೋಸರ್ ಆಯ್ಕೆಯನ್ನು ಆರಿಸದೆ ಬಿಟ್ಟರೆ ಒತ್ತುಗಳು ಕಳಚಿ ಪಕ್ಕದಲ್ಲಿ ನಿಲ್ಲುತ್ತವೆ. ಮುದ್ರಣಾಲಯಕ್ಕೆ ಹೋದಾಗ ಅವರು ನುಡಿ ಅಥವಾ ಶ್ರೀಲಿಪಿ ತಂತ್ರಾಂಶದ ಹಳೆಯ ಎನ್‌ಕೋಡಿಂಗ್‌ನಲ್ಲಿ ಕೇಳುತ್ತಾರೆ. ಪರಿವರ್ತಿಸುವಾಗ ಅರ್ಕಾವೊತ್ತು ಮತ್ತು ದೀರ್ಘಗಳ ಕಡೆ ತಪ್ಪುಗಳು ನುಸುಳುತ್ತವೆ. ಫ್ಲೆಕ್ಸ್ ಅಂಗಡಿಯಲ್ಲಿ ಇನ್ನೊಂದು ವಿಚಿತ್ರ: ಸಾಲು ಅಗಲವಾಯಿತೆಂದು ಅಲ್ಲಿನ ಹುಡುಗ ಪದದ ನಡುವೆ ಎಲ್ಲಿ ಬೇಕಾದರಲ್ಲಿ ಮುರಿದು ಕೆಳಗಿನ ಸಾಲಿಗೆ ತಳ್ಳುತ್ತಾನೆ.

ನನ್ನ ಸಲಹೆ ಇಷ್ಟೆ. ಅಂತಿಮ ಆರ್ಟ್‌ವರ್ಕ್‌ನ ಪಿಡಿಎಫ್ ನೋಡಿ ಒಪ್ಪಿಗೆ ಕೊಡುವ ಕೆಲಸವನ್ನು ಕೊಟೇಶನ್‌ನಲ್ಲಿ ಒಂದು ಸಾಲಾಗಿ ಸೇರಿಸಿ ದರ ಹಾಕಿ. ಪುಕ್ಕಟೆಯಾಗಿ ಮಾಡಿದರೆ ಯಾರೂ ನಿಮಗೆ ಪಿಡಿಎಫ್ ಕಳುಹಿಸುವುದಿಲ್ಲ, ದುಡ್ಡು ಕೊಟ್ಟಿದ್ದರೆ ನೆನಪಿಟ್ಟು ಕಳುಹಿಸುತ್ತಾರೆ. ಕರ್ನಾಟಕದ ಕನ್ನಡ ಭಾಷಾ ಕಾಯ್ದೆಯ 2024ರ ತಿದ್ದುಪಡಿಯ ನಂತರ ನಾಮಫಲಕದ ಶೇ 60ರಷ್ಟು ಭಾಗ ಕನ್ನಡದಲ್ಲಿರಬೇಕು ಎಂದಾದಾಗ ರಾತ್ರೋರಾತ್ರಿ ತಯಾರಾದ ಫಲಕಗಳನ್ನು ಬೆಂಗಳೂರಿನಲ್ಲಿ ಒಮ್ಮೆ ಓದುತ್ತಾ ನಡೆದರೆ, ಈ ಒಂದು ಸಾಲಿಗೆ ದರ ಏಕೆ ಎಂದು ಯಾರೂ ಕೇಳಲಾರರು.

ಹಕ್ಕು_ಬಾಧ್ಯತೆ

ವಕೀಲಳಾಗಿ ಎರಡು ಷರತ್ತುಗಳ ಬಗ್ಗೆ ಹೇಳುತ್ತೇನೆ. ಮೊದಲನೆಯದು ಹಕ್ಕು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನೌಕರಿಯಲ್ಲಿದ್ದು ಬರೆದದ್ದರ ಮೊದಲ ಒಡೆತನ, ಬೇರೆ ಒಪ್ಪಂದವಿಲ್ಲದಿದ್ದರೆ, ಉದ್ಯೋಗದಾತರದ್ದು. ಸ್ವತಂತ್ರವಾಗಿ ಬರೆದ ಬರಹದ ಒಡೆತನ ಸಾಮಾನ್ಯವಾಗಿ ಬರೆದವರದ್ದೇ. ಅದನ್ನು ಲಿಖಿತವಾಗಿ, ಸಹಿಯೊಂದಿಗೆ ವರ್ಗಾಯಿಸಬೇಕಾಗುತ್ತದೆ. 19ನೇ ಸೆಕ್ಷನ್ ಪ್ರಕಾರ ವರ್ಗಾವಣೆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೂ ಭಾವಿಸಲಾಗುತ್ತದೆ. ಕ್ಲೈಂಟ್‌ಗಳು ‘ಶಾಶ್ವತ, ಜಗತ್ತಿನಾದ್ಯಂತ’ ಎಂದು ಬರೆಸಿಕೊಳ್ಳುವುದು ಇದಕ್ಕಾಗಿಯೇ. ಜಾಹೀರಾತಿನಲ್ಲಿ ಇದು ಅಸಹಜ ಬೇಡಿಕೆಯೇನಲ್ಲ. ಎರಡು ಮೂರು ಪದಗಳ ಘೋಷವಾಕ್ಯಕ್ಕೆ ಕೃತಿಸ್ವಾಮ್ಯವೇ ಸಿಗುವುದು ಕಷ್ಟ, ಅದನ್ನು ಕಾಪಾಡಿಕೊಳ್ಳಲು ಕಂಪನಿಗಳು ಟ್ರೇಡ್‌ಮಾರ್ಕ್‌ನ ದಾರಿ ಹಿಡಿಯುತ್ತವೆ. ಆದ್ದರಿಂದ ಹಕ್ಕನ್ನು ಕೊಡಿ, ಆದರೆ ‘ಪೂರ್ಣ ಹಣ ಪಾವತಿಯಾದ ದಿನದಿಂದ’ ಎಂಬ ಷರತ್ತಿನೊಂದಿಗೆ ಕೊಡಿ. ಬಾಕಿ ಉಳಿಸಿಕೊಂಡವರು ನಿಮ್ಮ ಕಾಪಿಯನ್ನು ಬಳಸಿದರೆ, ಆಗ ನಿಮ್ಮ ಕೈಯಲ್ಲಿ ಒಂದು ಹಿಡಿತವಿರುತ್ತದೆ.

ನಷ್ಟ ಭರಿಸುವ ಷರತ್ತಿಗೆ ಮಾತ್ರ ಇದ್ದ ಹಾಗೆಯೇ ಸಹಿ ಹಾಕಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಪ್ರಾಧಿಕಾರ ಮೊದಲ ಬಾರಿಗೆ 10 ಲಕ್ಷ ರೂಪಾಯಿಯವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಆ ದಂಡ ತಯಾರಕರಿಗೋ ಪ್ರಚಾರ ಮಾಡಿದವರಿಗೋ ಬೀಳುತ್ತದೆ, ಆದರೆ ಈ ಷರತ್ತಿನ ಮೂಲಕ ಅದು ನಿಮ್ಮ ಮನೆಬಾಗಿಲಿಗೆ ಬರಬಹುದು. ಅದೇ ಪ್ರಾಧಿಕಾರದ 2022ರ ಮಾರ್ಗಸೂಚಿಗಳ ಎರಡು ಅಂಶಗಳು ಆಷಾಢದ ಮಾರಾಟಕ್ಕೆ ನೇರವಾಗಿ ತಾಗುತ್ತವೆ: ಹೇಳಿದ ಬೆಲೆಗೆ ಕೊಡಲು ಸಾಕಷ್ಟು ದಾಸ್ತಾನು ಇಲ್ಲದೆ ಗಿರಾಕಿಗಳನ್ನು ಸೆಳೆಯುವಂತಿಲ್ಲ, ಮತ್ತು ಜಾಹೀರಾತಿನ ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರತ್ತಿನ ಒಕ್ಕಣೆಯೂ ಅದೇ ಭಾಷೆಯಲ್ಲಿರಬೇಕು. ದೊಡ್ಡ ಅಕ್ಷರದಲ್ಲಿ ಕನ್ನಡದ ರಿಯಾಯಿತಿ ಬರೆದು ಕೆಳಗೆ ಇರುವೆ ಸಾಲಿನಂಥ ಇಂಗ್ಲಿಷ್‌ನಲ್ಲಿ ಷರತ್ತು ಹಾಕುವ ಅಭ್ಯಾಸವನ್ನು ಬಿಡಿಸಬಲ್ಲವರು ನೀವೇ. ಕ್ಲೈಂಟ್ ಕೊಟ್ಟ ಅಂಕಿಅಂಶಗಳ ಸತ್ಯಾಸತ್ಯತೆಗೆ ಕ್ಲೈಂಟ್ ಹೊಣೆ, ಬರಹ ಕದ್ದದ್ದಲ್ಲ ಎಂಬುದಕ್ಕೆ ಮಾತ್ರ ಬರಹಗಾರರು ಹೊಣೆ ಎಂದು ತಿದ್ದಿಸಿ. ಬಡಾವಣೆ, ಫ್ಲ್ಯಾಟ್‌ಗಳ ಕಾಪಿ ಬರೆಯುವವರು ಇನ್ನೂ ಜಾಗರೂಕರಾಗಿರಬೇಕು: 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಡಿ ಯೋಜನೆಯ ನೋಂದಣಿಗೆ ಮೊದಲು ಜಾಹೀರಾತು ನೀಡುವಂತಿಲ್ಲ, ಜಾಹೀರಾತಿನ ಸುಳ್ಳು ಮಾತನ್ನು ನಂಬಿ ಹಣ ಹಾಕಿದವರು ಪರಿಹಾರ ಕೇಳಬಹುದು. ‘ಮೆಟ್ರೊದಿಂದ ಹತ್ತೇ ನಿಮಿಷ’ ಎಂದು ಬರೆಯುವ ಮೊದಲು ಯಾವ ಹೊತ್ತಿನ ಹತ್ತು ನಿಮಿಷ ಎಂದು ಕೇಳಿಕೊಳ್ಳಿ.

ಲೆಕ್ಕದ_ಪುಸ್ತಕ

90 ದಿನಗಳ ಪಾವತಿಯ ಬಗ್ಗೆ. ನೀವು ಕೇಂದ್ರ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಸೂಕ್ಷ್ಮ ಉದ್ಯಮವಾಗಿ ನೋಂದಾಯಿಸಿಕೊಳ್ಳಬಹುದು. ಶುಲ್ಕವಿಲ್ಲ, ಕೆಲಸ ಒಪ್ಪಿಕೊಳ್ಳುವ ಮೊದಲೇ ಮಾಡಿಸಿಕೊಂಡಿರುವುದು ಲೇಸು. 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆಯ ಪ್ರಕಾರ ಖರೀದಿದಾರರು ಲಿಖಿತ ಒಪ್ಪಂದವಿದ್ದರೂ 45 ದಿನಗಳನ್ನು ಮೀರುವಂತಿಲ್ಲ, ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬಡ್ಡಿ ಕೇಳಿ ಗಿರಾಕಿಯನ್ನು ಕಳೆದುಕೊಳ್ಳಲು ಯಾರೂ ಬಯಸುವುದಿಲ್ಲ ಎಂಬುದು ಗೊತ್ತು. ಆದರೆ ಆದಾಯ ತೆರಿಗೆ ಕಾಯ್ದೆಯಲ್ಲಿ 43ಬಿ(ಎಚ್) ಸೆಕ್ಷನ್ ಬಂದ ಮೇಲೆ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಗಡುವಿನೊಳಗೆ ಕೊಡದ ಹಣವನ್ನು ಕಂಪನಿ ಆ ವರ್ಷದ ವೆಚ್ಚವಾಗಿ ತೋರಿಸುವಂತಿಲ್ಲ, ನಿಜವಾಗಿ ಪಾವತಿಸಿದ ವರ್ಷದಲ್ಲೇ ತೋರಿಸಬೇಕು. ಹೀಗಾಗಿ ಇನ್‌ವಾಯ್ಸ್‌ನ ಮೇಲ್ಭಾಗದಲ್ಲಿ ಉದ್ಯಮ್ ಸಂಖ್ಯೆ ಕಂಡರೆ ಅವರ ಲೆಕ್ಕಪತ್ರ ವಿಭಾಗ ತಾನಾಗಿಯೇ ಎಚ್ಚೆತ್ತುಕೊಳ್ಳುತ್ತದೆ, ವಿಶೇಷವಾಗಿ ಮಾರ್ಚ್ ಹತ್ತಿರವಾದಾಗ.

ತೆರಿಗೆಯ ಬಗ್ಗೆ ಒಂದು ಸೂಕ್ಷ್ಮ. ಅದೇ ಕಾಯ್ದೆಯ 194ಜೆ ಸೆಕ್ಷನ್‌ನಲ್ಲಿ ಜಾಹೀರಾತು ವೃತ್ತಿ ಹೆಸರಿಸಿಯೇ ಇದೆ, ಆದ್ದರಿಂದ ಹಣ ಕೊಡುವವರೇ ಮೊದಲು ಹಿಡಿದುಕೊಳ್ಳುವ ತೆರಿಗೆ, ಅಂದರೆ ಟಿಡಿಎಸ್, ಶೇ 10 ಕಡಿತವಾಗುತ್ತದೆ. ಕಡಿತ ಶುರುವಾಗುವ ಮಿತಿ 2025ರ ಏಪ್ರಿಲ್‌ನಿಂದ ವರ್ಷಕ್ಕೆ 50,000 ರೂಪಾಯಿ. ಆದರೆ ಬಂದ ಹಣದ ಅರ್ಧವನ್ನಷ್ಟೇ ಆದಾಯವೆಂದು ತೋರಿಸಿ ತೆರಿಗೆ ಕಟ್ಟುವ 44ಎಡಿಎ ಸೆಕ್ಷನ್‌ನ ಸೌಲಭ್ಯ ಪಡೆಯುವ ವೃತ್ತಿಗಳ ಪಟ್ಟಿಯಲ್ಲಿ ಜಾಹೀರಾತಿನ ಹೆಸರಿಲ್ಲ. ಟಿಡಿಎಸ್ ಕಡಿತವಾಯಿತೆಂಬ ಮಾತ್ರಕ್ಕೆ ಆ ಸೌಲಭ್ಯ ಸಿಗುತ್ತದೆಂದು ತಿಳಿಯದೆ ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿ. ಇವು 1961ರ ಕಾಯ್ದೆಯ ಸಂಖ್ಯೆಗಳು; 2025ರ ಹೊಸ ಕಾಯ್ದೆಯಲ್ಲಿ ಸಂಖ್ಯೆಗಳು ಬೇರೆ. ಜಿಎಸ್‌ಟಿ ನೋಂದಣಿ ಬೇಕಾಗುವುದು ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದ ಮೇಲೆ.

ಹುಬ್ಬಳ್ಳಿ_ಕಡೆಯವ

ಅಕ್ಕಾ, ಇಲ್ಲಿ ಹೇಳಿದ್ದೆಲ್ಲ ಸರಿಯಾಗಿಯೇ ಇದೆ, ಆದರೆ ಇದು ಬೆಂಗಳೂರಿನ ಕಂಪನಿಗಳಿಗೆ ಒಪ್ಪುವ ಮಾತು. ನನ್ನ ಗಿರಾಕಿಗಳು ಚಿನ್ನಾಭರಣದ ಅಂಗಡಿಯವರು, ಬೀಜ ಮತ್ತು ಗೊಬ್ಬರದ ವ್ಯಾಪಾರಿಗಳು, ಕೋಚಿಂಗ್ ಕೇಂದ್ರದವರು. ಅವರ ಮುಂದೆ ನಾಲ್ಕು ಪುಟಗಳ ಕರಾರು ಇಟ್ಟರೆ ಚಹಾ ಕುಡಿಸಿ ಕಳುಹಿಸುತ್ತಾರೆ. ಅವರ ಹತ್ತಿರ ನಡೆಯುವುದು ಅಡ್ವಾನ್ಸ್ ಒಂದೇ: ಅರ್ಧ ಮೊದಲು, ಉಳಿದರ್ಧ ಅಂತಿಮ ಸಾಲುಗಳನ್ನು ಕೈಗಿಡುವಾಗ. ಅಕ್ಷಯ ತೃತೀಯದ ಹಿಂದಿನ ವಾರ ಬಂದು ‘ಈಗಲೇ ಬೇಕು’ ಎನ್ನುವವರಿಗೆ ಒಂದೂವರೆ ಪಟ್ಟು.

ಪದಲೆಕ್ಕದ ತೊಂದರೆ ಇವರ ಹತ್ತಿರ ಇಲ್ಲವೇ ಇಲ್ಲ, ಏಕೆಂದರೆ ಇವರು ಸಾಲನ್ನು ನನ್ನ ಎದುರಿಗೇ ಗಟ್ಟಿಯಾಗಿ ಓದಿ ನೋಡುತ್ತಾರೆ. ಒಬ್ಬ ಆಭರಣ ವ್ಯಾಪಾರಿ ನನ್ನ ಕವಿತ್ವವನ್ನೆಲ್ಲ ಕೇಳಿ, ‘ಮಜೂರಿ ಎಷ್ಟು ಅಂತ ಮೊದಲು ಹಾಕ್ರಿ, ಮಂದಿ ಕೇಳೋದು ಅದನ್ನ’ ಎಂದರು, ಅವರ ಮಾತು ನೂರಕ್ಕೆ ನೂರು ಸರಿಯಾಗಿತ್ತು. ಬೀಜದ ಕಂಪನಿಯ ಕೆಲಸ ಬಂದಾಗ ನಾನು ಬರೆಯಲು ಕೂರುವ ಮೊದಲು ಎಪಿಎಂಸಿಯ ಹತ್ತಿರದ ಅಂಗಡಿಯಲ್ಲಿ ಅರ್ಧ ದಿನ ಕೂರುತ್ತೇನೆ. ಮುಖ್ಯ ಕಚೇರಿಯಿಂದ ಬಂದ ಕಾಪಿಯಲ್ಲಿ ‘ಮುಸುಕಿನ ಜೋಳ’ ಎಂದಿರುತ್ತದೆ, ಇಲ್ಲಿಯ ರೈತರು ಕೇಳುವುದು ಗೋವಿನಜೋಳದ ಬೀಜವನ್ನು. ರೈತ ಕೌಂಟರ್‌ನಲ್ಲಿ ಕೇಳುವ ಪ್ರಶ್ನೆಗಳ ಕ್ರಮವೇ ಕರಪತ್ರದ ಕ್ರಮವಾದರೆ ಸಾಕು: ಎಕರೆಗೆ ಎಷ್ಟು ಬೀಜ, ಎಷ್ಟು ದಿನಕ್ಕೆ ಕಟಾವು, ಮಳೆ ಕೈಕೊಟ್ಟರೆ ಏನು. ಆ ಅರ್ಧ ದಿನಕ್ಕೂ ನಾನು ದರ ಹಾಕುತ್ತೇನೆ, ‘ಅಂಗಡಿ ಭೇಟಿ’ ಎಂದು ಬರೆಯುತ್ತೇನೆ; ಕೊಡುವವರಿಗೆ ಅದು ಅರ್ಥವಾಗುತ್ತದೆ.

ಗಾಂಧಿಬಜಾರಿನವಳು

ನಿಮ್ಮೆಲ್ಲರ ಮಾತುಗಳನ್ನು ಇಟ್ಟುಕೊಂಡು ಹೊಸ ಕೊಟೇಶನ್ ಕಳುಹಿಸಿದೆ. ತುಣುಕಿಗೆ ಇಷ್ಟು, ಪ್ರತಿ ತುಣುಕಿಗೆ ಮೂರು ಆಯ್ಕೆಗಳು, ಎರಡು ಸುತ್ತು ತಿದ್ದುಪಡಿ, ಆರ್ಟ್‌ವರ್ಕ್ ಪರಿಶೀಲನೆಗೆ ಪ್ರತ್ಯೇಕ, ಹಣ ಬಂದ ದಿನದಿಂದ ಹಕ್ಕು ವರ್ಗಾವಣೆ, 45 ದಿನ. ಅವರು ಪದಲೆಕ್ಕವನ್ನು ಬಿಟ್ಟರು. ನಷ್ಟ ಭರಿಸುವ ಷರತ್ತನ್ನೂ ತಿದ್ದಿದರು. ಷರತ್ತಿನ ಒಕ್ಕಣೆ ಕನ್ನಡದಲ್ಲಿಯೇ ಇರಬೇಕೆಂಬ ಮಾತು ಅವರ ಕಾನೂನು ವಿಭಾಗಕ್ಕೆ ಹಿಡಿಸಿತಂತೆ. ದರದಲ್ಲಿ ಮಾತ್ರ ಚೌಕಾಶಿ ನಡೆದಿದೆ, ಎಸ್‌ಎಂಎಸ್‌ಗಳನ್ನು ಒಟ್ಟಾಗಿ ಕಡಿಮೆಗೆ ಕೊಡಲು ಒಪ್ಪಿದ್ದೇನೆ.

ಒಂದು ಮಾತು ಬಾಕಿಯಿದೆ. ಪ್ರತಿ ತುಣುಕಿಗೆ ಕೊಡುವ ಮೂರು ಆಯ್ಕೆಗಳಲ್ಲಿ ಅವರು ಒಂದನ್ನು ಆರಿಸಿ, ಉಳಿದ ಎರಡನ್ನೂ ‘ಮುಂದೆ ಉಪಯೋಗಕ್ಕೆ’ ಇಟ್ಟುಕೊಳ್ಳುತ್ತೇವೆ ಎನ್ನುತ್ತಿದ್ದಾರೆ.

ಹಕ್ಕು_ಬಾಧ್ಯತೆ

ಆರಿಸಿದ ಸಾಲಿನ ಹಕ್ಕು ಮಾತ್ರ ವರ್ಗಾವಣೆಯಾಗುತ್ತದೆ ಎಂದು ಬರೆಯಿರಿ. ವರ್ಗಾವಣೆ ಪತ್ರದಲ್ಲಿ ಕೃತಿ ಯಾವುದೆಂದು ಗುರುತಿಸಿರಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಆರಿಸಿದ ಸಾಲುಗಳನ್ನು ಅನುಬಂಧವಾಗಿ ಲಗತ್ತಿಸಿದರೆ ಗೊಂದಲಕ್ಕೆ ಎಡೆಯಿರುವುದಿಲ್ಲ.

ಹಳೇ_ಕಾಪಿ

ಉಳಿದ ಎರಡಕ್ಕೂ ದರ ಹೇಳಿ, ಮೇಡಂ. ಪೂರ್ಣ ದರ ಬೇಡ, ಅರ್ಧ ಸಾಕು, ಬಳಸುವಾಗ ಕೊಡಲಿ. ನನ್ನ ಅನುಭವದಲ್ಲಿ ಹಾಗೆ ಹೇಳಿದ ಮೇಲೆ ಆ ಎರಡರಲ್ಲೊಂದನ್ನು ದೀಪಾವಳಿಗೆ ಕೊಂಡುಕೊಂಡವರೂ ಇದ್ದಾರೆ, ಮತ್ತೆ ಕೇಳದವರೂ ಇದ್ದಾರೆ. ಕೇಳದಿದ್ದರೆ ಮಳಿಗೆಯ ಹೆಸರನ್ನು ತೆಗೆದು ಆ ಸಾಲನ್ನು ನಿಮ್ಮ ಕಡತದಲ್ಲಿಟ್ಟುಕೊಳ್ಳಿ.